ಪೀಪಾಯಿಯೊಡನೆ ಬರುವ ಪತ್ರ

ಜಿಜ್ಞಾಸು: ಬಣ್ಣ ಹಾಕುವ ವಿಭಾಗದ ಹೊಣೆಯನ್ನು ನನಗೆ ಒಪ್ಪಿಸಿದಂದಿನಿಂದ ನನ್ನ ಮೇಜಿಗೆ ಬಂದ ಕಾಗದಗಳಲ್ಲಿ ಅತ್ಯಂತ ದೀರ್ಘವೂ ಅತ್ಯಂತ ದುರ್ಬೋಧವೂ ಆದುದು ಥಿನ್ನರ್ ಪೀಪಾಯಿಗಳೊಡನೆ ಬರುವ ಸುರಕ್ಷತಾ ದತ್ತಾಂಶ ಪತ್ರ, ನಮ್ಮವರು ಇಂದಿಗೂ ಎಂಎಸ್‌ಡಿಎಸ್ ಎಂದೇ ಕರೆಯುವ, ಹದಿನಾರು ವಿಭಾಗಗಳುಳ್ಳ ಹೊತ್ತಗೆ. ತನಿಖೆಗೆ ಬಂದವರಿಗೆ ತೋರಿಸುವುದಕ್ಕೆಂದು ಅದನ್ನು ಕಡತದಲ್ಲಿ ಭದ್ರವಾಗಿ ಇರಿಸಿದ್ದೇವೆ. ಅದಕ್ಕಿಂತ ಮಿಗಿಲಾದ ಪ್ರಯೋಜನ ಅದರಿಂದ ಉಂಟೆಂದು ತಾವು ನಂಬುತ್ತೀರಾ?

ಅನುಭವಿ: ನಂಬುತ್ತೇನೆ, ನಂಬಿಕೆಗೆ ಕಾರಣವನ್ನೂ ಹೇಳುತ್ತೇನೆ. ಒಂದು ವಸ್ತುವನ್ನು ತಯಾರಿಸಿದವನಿಗೆ ಅದರ ಸ್ವಭಾವ ತಿಳಿದಿರುತ್ತದೆ. ಅದನ್ನು ದಿನವೂ ಮುಟ್ಟುವವನಿಗೆ, ಅದರ ಬಾಷ್ಪವನ್ನು ಉಸಿರಾಡುವವನಿಗೆ, ಮೈಮೇಲೆ ಚೆಲ್ಲಿಕೊಳ್ಳುವವನಿಗೆ ತಿಳಿದಿರುವುದಿಲ್ಲ. ಈ ಅಂತರದಲ್ಲಿ ಎಷ್ಟು ಪ್ರಾಣಗಳು ಹೋಗಬಲ್ಲವೆಂಬುದನ್ನು ನಮ್ಮ ದೇಶ ಕಂಡಷ್ಟು ಬೇರಾವ ದೇಶವೂ ಕಂಡಿಲ್ಲ. 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೋಸಯನೇಟ್ ಹೊರನುಗ್ಗಿದಾಗ, ಹಮೀದಿಯಾ ಆಸ್ಪತ್ರೆಯ ಅಂಗಳಕ್ಕೆ ಸಾವಿರಾರು ಜನ ಕಣ್ಣುರಿದು ಉಸಿರು ಕಟ್ಟಿ ಬಂದು ಬಿದ್ದರು. ಆದರೆ ಆ ಅನಿಲ ಯಾವುದು, ಶರೀರದೊಳಗೆ ಅದು ಎಸಗುವ ಕೇಡು ಎಂಥದು, ಅದಕ್ಕೆ ಪ್ರತಿವಿಷವುಂಟೇ ಎಂಬುದನ್ನು ಬಲ್ಲ ಕಾಗದ ಒಂದೂ ವೈದ್ಯರ ಕೈಯಲ್ಲಿರಲಿಲ್ಲ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದನ್ನು ಕೊಡಬೇಕೇ ಬೇಡವೇ ಎಂಬ ವಿವಾದ, ಸತ್ತವರ ದಹನವಾಗಿ ದಫನವಾಗಿ ಎಷ್ಟೋ ಕಾಲ ಕಳೆದರೂ ತೀರಲಿಲ್ಲ. ಆ ದ್ರವ 39 ಡಿಗ್ರಿಯಲ್ಲಿಯೇ ಕುದಿಯುತ್ತದೆ, ಅದರ ಬಾಷ್ಪ ಗಾಳಿಗಿಂತ ಸುಮಾರು ಎರಡು ಪಾಲು ಭಾರವಾಗಿ ನೆಲದ ಮೇಲೆಯೇ ಹರಡುತ್ತದೆ, ನೀರು ಸೋಕಿದರೆ ಉಗ್ರವಾಗಿ ಕಾವೇರುತ್ತದೆ ಎಂಬ ಮೂರು ಸಂಗತಿಗಳು ರಸಾಯನಶಾಸ್ತ್ರಜ್ಞರಿಗೆ ಹೊಸತಾಗಿರಲಿಲ್ಲ. ಕಾರ್ಖಾನೆಯ ಗೋಡೆಯಾಚೆ ಗುಡಿಸಿಲಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ಅವುಗಳಲ್ಲಿ ಒಂದೂ ತಿಳಿದಿರಲಿಲ್ಲ.

ಜಿಜ್ಞಾಸು: ಆ ಬಳಿಕವೇ ನಮ್ಮಲ್ಲಿ ಈ ಪತ್ರ ಕಡ್ಡಾಯವಾಯಿತೋ?

ಅನುಭವಿ: ಹೌದು. 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮ ಬಂದಿತು. 1987ರಲ್ಲಿ 1948ರ ಕಾರ್ಖಾನೆಗಳ ಅಧಿನಿಯಮಕ್ಕೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಿ, ಅಪಾಯಕಾರಿ ಪ್ರಕ್ರಿಯೆಗಳ ಸ್ವರೂಪವನ್ನು ಕೆಲಸಗಾರರಿಗೂ ನೆರೆಹೊರೆಯವರಿಗೂ ತಿಳಿಯಪಡಿಸುವುದು ಅಧಿಭೋಗದಾರನ ಕರ್ತವ್ಯವೆಂದು 41-ಬಿ ಪ್ರಕರಣದಲ್ಲಿ ವಿಧಿಸಿದರು. 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಾವಳಿಯ ಒಂಬತ್ತನೆಯ ಅನುಸೂಚಿಯಲ್ಲಿ ಪತ್ರದ ಮಾದರಿಯನ್ನೇ ಅಚ್ಚು ಹಾಕಿಸಿದರು. ಅಮೆರಿಕದಲ್ಲಿ ಇಂಥ ನಿಯಮ 1983ರಲ್ಲಿಯೇ ಹುಟ್ಟಿತ್ತು. 1992ರ ರಿಯೋ ಸಮ್ಮೇಳನದಲ್ಲಿ ಒಡಮೂಡಿದ ಸಂಕಲ್ಪದ ಫಲವಾಗಿ ವಿಶ್ವಸಂಸ್ಥೆ 2003ರಲ್ಲಿ ಜಿಎಚ್‌ಎಸ್ ಎಂಬ ಏಕರೂಪ ಪದ್ಧತಿಯನ್ನು ಪ್ರಕಟಿಸಿತು. ತಮ್ಮ ಕೈಯಲ್ಲಿರುವ ಹದಿನಾರು ವಿಭಾಗಗಳ ಕ್ರಮವೂ ಕೆಂಪು ಅಂಚಿನ ವಜ್ರಾಕೃತಿಯ ಒಂಬತ್ತು ಚಿತ್ರಗಳೂ ಅದರ ಕೊಡುಗೆ. ಇತಿಹಾಸ ಇಷ್ಟು ಸಾಕು. ಪತ್ರವನ್ನು ತಂದಿದ್ದೀರಷ್ಟೆ?

ಜಿಜ್ಞಾಸು: ತಂದಿದ್ದೇನೆ. ಮೊದಲಿನಿಂದ ಕೊನೆಯವರೆಗೆ ಓದಬೇಕೆಂದು ಎರಡು ಬಾರಿ ಸಂಕಲ್ಪಿಸಿ, ಎರಡು ಬಾರಿಯೂ ಮೂರನೆಯ ಪುಟದಲ್ಲಿ ಕೈಬಿಟ್ಟೆ.

ಅನುಭವಿ: ಮೊದಲಿನಿಂದ ಕೊನೆಯವರೆಗೆ ಓದುವುದಕ್ಕೆಂದು ಅದನ್ನು ಬರೆದಿಲ್ಲ, ಮನಸ್ಸಿನಲ್ಲಿ ಪ್ರಶ್ನೆಯೊಂದನ್ನು ಇಟ್ಟುಕೊಂಡು ಅದರ ಬಾಗಿಲು ತಟ್ಟಬೇಕು. ಮೊಟ್ಟಮೊದಲ ಪ್ರಶ್ನೆ: ಈ ಪತ್ರ ಈ ಪೀಪಾಯಿಯದೇ? ಎಲ್ಲರೂ ಮುಖಪುಟವೆಂದು ದಾಟಿಹೋಗುವ ಒಂದನೆಯ ವಿಭಾಗದಲ್ಲಿ ಸರಕಿನ ಹೆಸರು, ಸರಬರಾಜು ಮಾಡಿದವರ ವಿಳಾಸ, ತುರ್ತು ದೂರವಾಣಿ ಇರುತ್ತವೆ. ಪರಿಷ್ಕರಣೆಯ ದಿನಾಂಕ ಅಲ್ಲಿಯೋ ಕೊನೆಯ ವಿಭಾಗದಲ್ಲಿಯೋ ದೊರೆಯುತ್ತದೆ. ಪೀಪಾಯಿಯ ಮೇಲಣ ಹೆಸರಿನೊಡನೆ ಪತ್ರದ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಒಂದು ಕಾರ್ಖಾನೆಯಲ್ಲಿ ನಾನು ಕಂಡದ್ದುಂಟು, ಸರಬರಾಜು ಮಾಡುವವರು ಬದಲಾಗಿ ಬಹುಕಾಲವಾಗಿತ್ತು, ದ್ರಾವಕದ ಮಿಶ್ರಣವೂ ಬೇರೆಯಾಗಿತ್ತು, ಕಡತದಲ್ಲಿ ಮಾತ್ರ ಹಳೆಯ ಪತ್ರವೇ ಕುಳಿತಿತ್ತು. ಮತ್ತೆ, ಆ ತುರ್ತು ದೂರವಾಣಿಗೆ ಒಂದು ದಿನ ಅಪರಾತ್ರಿಯಲ್ಲಿ ಕರೆ ಮಾಡಿ ನೋಡಿ. ಅತ್ತ ಕಡೆ ಯಾರೂ ಎತ್ತದಿದ್ದರೆ, ಆ ಸಂಗತಿ ಅಪಘಾತದ ರಾತ್ರಿಗಿಂತ ಮುಂಚೆ ತಮಗೆ ತಿಳಿದಿರುವುದು ಒಳ್ಳೆಯದು.

ಜಿಜ್ಞಾಸು: ಮೂರನೆಯ ವಿಭಾಗದಲ್ಲಿ ಟಾಲ್ವೀನ್, ಝೈಲೀನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್, ಅಲ್ಪಾಂಶ ಮೆಥನಾಲ್ ಎಂದಿದೆ. ಪ್ರಮಾಣವನ್ನು ಖಚಿತವಾಗಿ ಹೇಳದೆ 30ರಿಂದ 60, 10ರಿಂದ 30 ಎಂದು ಬಿಟ್ಟಿದ್ದಾರೆ. ಹೆಸರುಗಳ ಮುಂದಿನ ಅಡ್ಡಗೆರೆಯ ಸಂಖ್ಯೆಗಳಾದರೂ ಏತಕ್ಕೆ?

ಅನುಭವಿ: ಅವು ಕೆಮಿಕಲ್ ಆಬ್‌ಸ್ಟ್ರ್ಯಾಕ್ಟ್ಸ್ ಸರ್ವಿಸ್ ಎಂಬ ಸಂಸ್ಥೆ ಕೊಡುವ ನೋಂದಣಿ ಸಂಖ್ಯೆಗಳು, ಹೆಸರುಗಳು ಹತ್ತಾರಿದ್ದರೂ ವಸ್ತು ಒಂದೇ ಎಂಬುದನ್ನು ಅವು ನಿಶ್ಚಯಪಡಿಸುತ್ತವೆ. ಟಾಲ್ವೀನಿನದು 108-88-3. ಕೊನೆಯ ಅಂಕೆ ಪರೀಕ್ಷೆಯ ಅಂಕೆ: ಉಳಿದ ಅಂಕೆಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು, ಐದರಿಂದ ಗುಣಿಸಿ ಕೂಡಿದರೆ 53 ಬರುತ್ತದೆ, ಅದರ ಬಿಡಿಸ್ಥಾನದ 3 ಇಲ್ಲಿ ಕೊನೆಯಲ್ಲಿದೆ. ಅಚ್ಚಿನಲ್ಲಿ ಒಂದಂಕೆ ತಪ್ಪಿದರೂ ಬಹುಮಟ್ಟಿಗೆ ಲೆಕ್ಕ ಕೂಡದೆ ತಪ್ಪು ಸಿಕ್ಕಿಬೀಳುತ್ತದೆ. ಇನ್ನು ಪ್ರಮಾಣದ ಮಾತು. ವ್ಯಾಪಾರದ ಗುಟ್ಟೆಂದು ಅಂತರವನ್ನು ಹೇಳಿ ನಿಲ್ಲಿಸುವುದುಂಟು. ಹಾಗಿದ್ದಾಗ ಮೇಲಿನ ಮಿತಿಯೇ ನಿಜವೆಂದು ತಿಳಿದು ವ್ಯವಸ್ಥೆ ಮಾಡತಕ್ಕದ್ದು. ಅಲ್ಪಾಂಶವೆಂದು ಮೆಥನಾಲನ್ನೂ ಕಡೆಗಣಿಸಬೇಡಿ. ಅದು ಕುಡಿದವರ ಕಣ್ಣನ್ನು ಕಳೆಯುವ ಮದ್ಯಸಾರ, ಚರ್ಮದ ಮೂಲಕವೂ ಒಳಹೋಗಬಲ್ಲುದು.

ಜಿಜ್ಞಾಸು: ಎರಡನೆಯ ವಿಭಾಗದಲ್ಲಿ ನನಗೊಂದು ಸಮಾಧಾನ ದೊರಕಿತ್ತು. ದಹನಶೀಲತೆಯ ವರ್ಗ 2 ಎಂದಿದೆ. ನಮ್ಮ ಉಗ್ರಾಣದ ಗೋಡೆಯ ಮೇಲಿನ ನಾಲ್ಕು ಬಣ್ಣದ ಫಲಕದಲ್ಲಿ ಅದೇ ದ್ರಾವಕಕ್ಕೆ ಕೆಂಪು ಚೌಕದಲ್ಲಿ 3 ಎಂದು ಬರೆದಿದ್ದಾರೆ. ಎರಡು ಎಂದರೆ ಮೂರಕ್ಕಿಂತ ಕಡಮೆಯಲ್ಲವೇ?

ಅನುಭವಿ: ಆ ಸಮಾಧಾನವನ್ನು ಕೂಡಲೆ ಬಿಟ್ಟುಬಿಡಿ, ಇಂಥ ಸಮಾಧಾನವೇ ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಗೋಡೆಯ ಮೇಲಿನ ಫಲಕ ಅಮೆರಿಕದ ಅಗ್ನಿನಿವಾರಣಾ ಸಂಘದ ಪದ್ಧತಿಯದು; ಅದರಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಏರಿದಂತೆ ಅಪಾಯವೂ ಏರುತ್ತದೆ. ಪತ್ರದ ವರ್ಗಗಳಲ್ಲಿ ಕ್ರಮ ತಿರುಗುಮುರುಗು. ಅಲ್ಲಿ ವರ್ಗ 1 ಎಂಬುದೇ ಪರಮ ಘೋರ. ಆದ್ದರಿಂದ ಆ 2 ಎಂಬುದು ಅತಿ ಸುಲಭವಾಗಿ ಹೊತ್ತಿಕೊಳ್ಳುವ ದ್ರವವೆಂಬ ಘೋಷಣೆ. ಎರಡು ಪದ್ಧತಿಗಳೂ ಒಂದೇ ಉಗ್ರಾಣದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವುದು ನಮ್ಮ ಕಾರ್ಖಾನೆಗಳಲ್ಲಿ ಅಪರೂಪವಲ್ಲ. ಹೊಸಬನಿಗೆ ಮೊದಲ ದಿನದಲ್ಲಿಯೇ, ಬೇರೇನನ್ನು ಹೇಳದಿದ್ದರೂ, ಇದನ್ನು ಹೇಳಿಕೊಡಬೇಕು.

ಜಿಜ್ಞಾಸು: ಹಾಗಾದರೆ ನಮ್ಮ ಥಿನ್ನರಿನ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸಂಖ್ಯೆ ಯಾವುದು?

ಅನುಭವಿ: ಒಂಬತ್ತನೆಯ ವಿಭಾಗದ ಫ್ಲಾಶ್ ಪಾಯಿಂಟ್. ಯಾವ ಉಷ್ಣತೆಯಲ್ಲಿ ದ್ರವದ ಮೇಲ್ಮೈಯಿಂದ ಎದ್ದ ಬಾಷ್ಪ ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುವಷ್ಟಾಗುತ್ತದೆಯೋ ಆ ಉಷ್ಣತೆ ಅದು. ಟಾಲ್ವೀನಿಗೆ ಅದು 4 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಸೀಮೆಎಣ್ಣೆಗೆ 35ಕ್ಕಿಂತ ಕಡಮೆಯಿರಕೂಡದೆಂಬುದು ಭಾರತೀಯ ಮಾನಕ. ಅಂದಮೇಲೆ ಬೆಂಗಳೂರಿನ ಪುಷ್ಯಮಾಸದ ಮುಂಜಾವಿನಲ್ಲಿಯೂ ತಮ್ಮ ತೆರೆದ ಡಬ್ಬಿಯ ಬಾಯಲ್ಲಿ ಕಿಡಿಯೊಂದಕ್ಕಾಗಿ ಬಾಷ್ಪ ಕಾದಿರುತ್ತದೆ. ಅದೇ ವಿಭಾಗದಲ್ಲಿ ಬಾಷ್ಪದ ಸಾಂದ್ರತೆ ಗಾಳಿಯ 3.1ರಷ್ಟು ಎಂದಿರುವುದನ್ನು ನೋಡಿ: ಟಾಲ್ವೀನಿನ ಬಾಷ್ಪ ನೀರಿನಂತೆ ತಗ್ಗನ್ನು ಅರಸಿ ಹರಿಯುತ್ತದೆ, ಚರಂಡಿಗೆ, ಕೇಬಲ್ ಕಾಲುವೆಗೆ, ತೂಕದ ಯಂತ್ರವನ್ನು ಇರಿಸಿದ ಗುಂಡಿಗೆ ಇಳಿದು, ದೂರದಲ್ಲೆಲ್ಲೋ ವೆಲ್ಡಿಂಗ್ ಮಾಡುವವನ ಕಿಡಿಯನ್ನು ಮುಟ್ಟಿ, ಬಂದ ದಾರಿಯಲ್ಲಿಯೇ ಜ್ವಾಲೆಯಾಗಿ ಪೀಪಾಯಿಗೆ ಹಿಂದಿರುಗಬಲ್ಲುದು. ತಮ್ಮಲ್ಲಿ ಗಾಳಿಯನ್ನು ಹೊರದೂಡುವ ಪಂಖ ಎಲ್ಲಿದೆ?

ಜಿಜ್ಞಾಸು: ಗೋಡೆಯ ಮೇಲ್ಭಾಗದಲ್ಲಿ, ಚಾವಣಿಯ ಕೆಳಗೆ.

ಅನುಭವಿ: ನೆಲದ ಮೇಲೆ ನಿಂತ ಬಾಷ್ಪವನ್ನು ಅದು ಹೇಗೆ ತೆಗೆದೀತು? ಹೀರುವ ಬಾಯಿ ನೆಲಮಟ್ಟಕ್ಕೆ ಇಳಿಯಬೇಕು, ಮೋಟಾರು ಜ್ವಾಲಾನಿರೋಧಕ ಮಾದರಿಯದಾಗಿರಬೇಕು. ಮುಂದೆ ಏಳನೆಯ ವಿಭಾಗದಲ್ಲಿ, ಸುರಿಯುವಾಗ ಪಾತ್ರೆಗಳನ್ನು ಒಂದಕ್ಕೊಂದು ತಂತಿಯಿಂದ ಬಂಧಿಸಿ ಭೂಸಂಪರ್ಕ ಕೊಡಿರೆಂಬ ಒಂದು ಸಾಲಿರಬೇಕು. ಟಾಲ್ವೀನ್ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಕೊಳವೆಯಲ್ಲಿ ಓಡುವಾಗ, ಮೇಲಿನಿಂದ ಧಾರೆಯಾಗಿ ಬೀಳುವಾಗ ತನ್ನೊಳಗೆ ವಿದ್ಯುದಾವೇಶವನ್ನು ಕೂಡಿಹಾಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ಥಿನ್ನರ್ ಬಗ್ಗಿಸುವ ಅಭ್ಯಾಸ ತಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ. ಯಾರೂ ಬೆಂಕಿಕಡ್ಡಿ ಗೀರದಿದ್ದರೂ ಅಲ್ಲಿ ಕಿಡಿ ಹುಟ್ಟಬಹುದು. ಹೊತ್ತಿಕೊಂಡ ಮೇಲೆ ನೀರಿನ ಧಾರೆ ಬಿಟ್ಟರೆ, ನೀರಿಗಿಂತ ಹಗುರವಾದ ದ್ರವ ತೇಲಿ ಬೆಂಕಿಯನ್ನು ಹೊತ್ತುಕೊಂಡೇ ಹರಡುತ್ತದೆ. ಐದನೆಯ ವಿಭಾಗ ನೊರೆ, ಒಣಪುಡಿ, ಇಂಗಾಲದ ಡೈಆಕ್ಸೈಡುಗಳನ್ನು ಹೇಳುವುದು ಇದಕ್ಕಾಗಿ.

ಜಿಜ್ಞಾಸು: ಬೆಂಕಿಯ ಭಯಕ್ಕೆ ಅನಿಲಮಾಪಕವನ್ನು ಇಟ್ಟಿದ್ದೇವೆ. ದಹನದ ಕೆಳಮಿತಿಯ ಶೇಕಡ 10ನ್ನು ಮುಟ್ಟಿದೊಡನೆ ಕೂಗುತ್ತದೆ. ಅದು ಮೌನವಾಗಿದ್ದರೆ ನಾವು ಸುರಕ್ಷಿತರಲ್ಲವೇ?

ಅನುಭವಿ: ಬೆಂಕಿಯಿಂದ ಬಹುಮಟ್ಟಿಗೆ ಸುರಕ್ಷಿತರು, ಶ್ವಾಸದ ಮಾತು ಬೇರೆ. ಈ ಲೆಕ್ಕವನ್ನು ನಿಧಾನವಾಗಿ ಗಮನಿಸಿ, ಏಕೆಂದರೆ ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ಟಾಲ್ವೀನಿನ ದಹನದ ಕೆಳಮಿತಿ ಗಾಳಿಯಲ್ಲಿ ಸುಮಾರು ಶೇಕಡ 1.1, ಎಂದರೆ ದಶಲಕ್ಷದಲ್ಲಿ 11,000 ಪಾಲು, ತಾವು ಪಿಪಿಎಂ ಎನ್ನುವ ಲೆಕ್ಕ. ಅದರ ಶೇಕಡ 10 ಎಂದರೆ 1,100. ಆದರೆ ಜೀವಕ್ಕೂ ಆರೋಗ್ಯಕ್ಕೂ ತತ್‌ಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಟಾಲ್ವೀನಿಗೆ ನಿಗದಿ ಮಾಡಿರುವುದು 500 ಪಿಪಿಎಂ. ಮಾಪಕ ಇನ್ನೂ ಕೂಗದಿರುವಾಗಲೇ ಮನುಷ್ಯನ ತಲೆ ತಿರುಗಿ ಕಾಲು ತಡವರಿಸುತ್ತಿರಬಹುದು. ಎಂಟು ಗಂಟೆಗಳ ಪಾಳಿಗೆ ನಮ್ಮ ಕಾರ್ಖಾನೆಗಳ ಅಧಿನಿಯಮದ ಎರಡನೆಯ ಅನುಸೂಚಿ ಸರಾಸರಿ 100 ಪಿಪಿಎಂ ಎಂದಿತು. ಅಮೆರಿಕದ ಔದ್ಯೋಗಿಕ ಸ್ವಾಸ್ಥ್ಯತಜ್ಞರ ಸಮ್ಮೇಳನ ಅದನ್ನು 20ಕ್ಕೆ ಇಳಿಸಿದೆ. ಪತ್ರದ ಎಂಟನೆಯ ವಿಭಾಗದಲ್ಲಿ ಈ ಎರಡೂ ಸಂಖ್ಯೆಗಳು ಒಂದರ ಕೆಳಗೊಂದು ಕಾಣಿಸಿಕೊಂಡರೆ ಗಲಿಬಿಲಿಗೊಳ್ಳಬೇಡಿ. ಕಾನೂನಿನ ಮಿತಿ ದಾಟಲಾಗದ ಗೆರೆ, ಶಾಸ್ತ್ರದ ಮಿತಿ ತಲಪಬೇಕಾದ ಗುರಿ.

ಜಿಜ್ಞಾಸು: ವಾಸನೆ ಬರುವುದಷ್ಟೆ? ಮೂಗೇ ಮಾಪಕವೆಂದು ನಮ್ಮ ಹಳೆಯ ಕೆಲಸಗಾರರು ಹೇಳುತ್ತಾರೆ.

ಅನುಭವಿ: ಅವರ ಅನುಭವವನ್ನು ಗೌರವಿಸೋಣ, ಈ ಮಾತೊಂದನ್ನು ಒಪ್ಪದಿರೋಣ. ಥಿನ್ನರ್ ಕೋಣೆಗೆ ಹೊಸದಾಗಿ ಬಂದವನ ಮೂಗಿಗೆ ರಾಚುವ ವಾಸನೆ ಅಲ್ಲಿಯೇ ನಿಂತವನಿಗೆ ಸ್ವಲ್ಪ ಹೊತ್ತಿನಲ್ಲಿ ತಿಳಿಯುವುದಿಲ್ಲ. ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಂತೂ ಇದು ಮಾರಣಾಂತಿಕ: ಕೊಳೆತ ಮೊಟ್ಟೆಯ ನಾತದಿಂದ ಅತ್ಯಲ್ಪ ಪ್ರಮಾಣದಲ್ಲಿಯೇ ಪತ್ತೆಯಾಗುವ ಆ ಅನಿಲ 100 ಪಿಪಿಎಂ ಮುಟ್ಟಿದಾಗ ಘ್ರಾಣಶಕ್ತಿಯನ್ನೇ ಸ್ತಬ್ಧಗೊಳಿಸುತ್ತದೆ. ನಾತ ಹೋಯಿತು, ಗಾಳಿ ಶುದ್ಧವಾಯಿತು ಎಂದು ಮಲಗುಂಡಿಗೆ ಇಳಿದ ಪೌರಕಾರ್ಮಿಕರ ಪೈಕಿ ಎಷ್ಟೋ ಮಂದಿ ಮೇಲೆ ಬಂದಿಲ್ಲ. ಅವರನ್ನೆತ್ತಲು ಇಳಿದವರೂ ಬಂದಿಲ್ಲ. ಅವರ ಕೈಗೆ ಯಾರೂ ಯಾವ ಪತ್ರವನ್ನೂ ಕೊಟ್ಟಿರಲಿಲ್ಲವೆಂಬುದನ್ನು ನೆನೆದಾಗ ನನ್ನ ಮನಸ್ಸು ಕುದಿಯುತ್ತದೆ.

ಜಿಜ್ಞಾಸು: ಎಂಟನೆಯ ವಿಭಾಗದಲ್ಲಿಯೇ, ಸೂಕ್ತವಾದ ಕೈಗವಸನ್ನು ಧರಿಸಿರಿ ಎಂದಿದೆ. ನಾವು ನೀಲಿಯ ತೆಳು ನೈಟ್ರೈಲ್ ಗ್ಲೌಸು ಕೊಡುತ್ತಿದ್ದೇವೆ.

ಅನುಭವಿ: ಸೂಕ್ತವಾದ ಎಂದು ಬರೆದು ಲೇಖನಿಯನ್ನು ಕೆಳಗಿಟ್ಟವನು ತನ್ನ ಕರ್ತವ್ಯವನ್ನು ಓದುಗನ ಹೆಗಲಿಗೆ ವರ್ಗಾಯಿಸಿದ್ದಾನೆ. ಒಳ್ಳೆಯ ಪತ್ರ ಕೈಗವಸಿನ ದ್ರವ್ಯ ಯಾವುದು, ದಪ್ಪವೆಷ್ಟು, ಎಷ್ಟು ನಿಮಿಷಗಳಲ್ಲಿ ವಸ್ತು ಅದನ್ನು ಭೇದಿಸಿ ಒಳಬರುತ್ತದೆ ಎಂಬ ಮೂರನ್ನೂ ಹೇಳುತ್ತದೆ. ತೆಳುವಾದ ನೈಟ್ರೈಲನ್ನು ಟಾಲ್ವೀನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಸಿಟೋನಿಗೂ ಅದು ತಡೆಯಲ್ಲ. ಗವಸಿಗೆ ತೂತು ಬಿದ್ದಿರುವುದಿಲ್ಲ, ಒದ್ದೆಯೂ ಕಾಣುವುದಿಲ್ಲ. ಕಣಕಣವಾಗಿ ನುಸುಳಿದ ದ್ರಾವಕ ಒಳಗಡೆ ಬೆವತ ಚರ್ಮಕ್ಕೆ ಅಂಟಿಕೊಂಡು, ಬರಿಗೈಯಲ್ಲಾಗಿದ್ದರೆ ಹಾರಿಹೋಗುತ್ತಿದ್ದುದು ಅಲ್ಲಿಯೇ ಸೆರೆಯಾಗುತ್ತದೆ. ಟಾಲ್ವೀನಿಗೆ ದೀರ್ಘಕಾಲ ತಡೆಯಬಲ್ಲವು ವೈಟಾನ್ ಅಥವಾ ಪಾಲಿವಿನೈಲ್ ಆಲ್ಕೊಹಾಲಿನ ಗವಸುಗಳು. ಎರಡನೆಯದು ನೀರು ತಾಕಿದರೆ ಹಾಳಾಗುತ್ತದೆ, ಮೊದಲನೆಯದು ಅಸಿಟೋನನ್ನು ತಡೆಯಲಾರದು. ಮಿಶ್ರಣಕ್ಕೆ ಯಾವುದೆಂದು ಸರಬರಾಜು ಮಾಡಿದವರನ್ನೂ ಗವಸು ತಯಾರಿಸಿದವರನ್ನೂ ಬರಹದಲ್ಲಿ ಕೇಳಿ. ಉತ್ತರ ಬರುವವರೆಗೆ ಬಿಡಬೇಡಿ. ಮುಖಕ್ಕೆ ಕಟ್ಟುವ ಧೂಳಿನ ಬಟ್ಟೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಅದು ಬಾಷ್ಪವನ್ನು ತಡೆಯುವುದೇ ಇಲ್ಲ. ಸಾವಯವ ಬಾಷ್ಪಕ್ಕೆಂದು ಇದ್ದಿಲು ತುಂಬಿದ ಕಾರ್ಟ್ರಿಜ್ ಬೇಕು, ಅದೂ ಪ್ರಾಣವಾಯು ಸಾಕಷ್ಟಿರುವ ಸ್ಥಳದಲ್ಲಿ ಮಾತ್ರ.

ಜಿಜ್ಞಾಸು: ಪ್ರಥಮ ಚಿಕಿತ್ಸೆಯ ವಿಭಾಗವೊಂದೇ ನನಗೆ ಸುಲಭವಾಗಿ ಅರ್ಥವಾದದ್ದು. ಅದನ್ನು ಅಪಘಾತವಾದಾಗ ತೆಗೆದು ನೋಡಿದರೆ ಸಾಲದೇ?

ಅನುಭವಿ: ಸಾಲದು. ಥಿನ್ನರನ್ನು ಯಾರಾದರೂ ನುಂಗಿದರೆ ಸುತ್ತಲಿನವರ ಮೊದಲ ಪ್ರವೃತ್ತಿ ಏನು? ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಪತ್ರ ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ವಾಂತಿಯೊಡನೆ ಮೇಲೆ ಬಂದ ದ್ರಾವಕ ಶ್ವಾಸನಾಳಕ್ಕೆ ಜಾರಿದರೆ ಪುಪ್ಪುಸದ ಉರಿಯೂತದಿಂದ ಸಾವು ಬರಬಹುದು, ಹೊಟ್ಟೆಯಲ್ಲಿದ್ದುದಕ್ಕಿಂತ ಅದು ಘೋರ. ಮತ್ತೊಂದು ನಿದರ್ಶನ ಹೈಡ್ರೋಫ್ಲೋರಿಕ್ ಆಮ್ಲ. ಸ್ಟೇನ್‌ಲೆಸ್ ಉಕ್ಕನ್ನು ತೊಳೆಯುವಲ್ಲಿ, ಗಾಜನ್ನು ಕೊರೆಯುವಲ್ಲಿ ಬಳಸುತ್ತಾರೆ. ದುರ್ಬಲ ದ್ರಾವಣ ಬೆರಳಿಗೆ ಸೋಕಿದಾಗ ನೋವೇ ಇಲ್ಲದಿರಬಹುದು. ಗಂಟೆಗಳು ಕಳೆದು, ಕೆಲವೊಮ್ಮೆ ಮರುದಿನ, ಅಸಹ್ಯ ವೇದನೆ ಏಳುತ್ತದೆ. ಅಷ್ಟರಲ್ಲಿ ಫ್ಲೋರೈಡು ಮಾಂಸದೊಳಕ್ಕೆ ಇಳಿದು, ರಕ್ತದ ಸುಣ್ಣದಂಶವನ್ನು ಹಿಡಿದುಕೊಂಡು, ಹೃದಯದ ಲಯವನ್ನೇ ಕೆಡಿಸತೊಡಗಿರಬಹುದು. ಅದಕ್ಕೆ ನೀರಿನಿಂದ ತೊಳೆದೊಡನೆ ಹಚ್ಚಬೇಕಾದ ಮದ್ದು ಶೇಕಡ 2.5ರ ಕ್ಯಾಲ್ಸಿಯಂ ಗ್ಲೂಕೊನೇಟ್ ಲೇಪ. ಅಪಘಾತವಾದ ಮೇಲೆ ಪತ್ರ ತೆರೆದು ಈ ಹೆಸರನ್ನು ಮೊದಲ ಬಾರಿ ಓದಿದವನು ಅದನ್ನು ಎಲ್ಲಿಂದ ತಂದಾನು? ಹತ್ತಿರದ ಔಷಧದಂಗಡಿಯಲ್ಲಿ ಅದು ಇರುವುದೇ ಇಲ್ಲ. ನಾಲ್ಕನೆಯ ವಿಭಾಗವನ್ನು ಸರಕನ್ನು ತರಿಸುವ ಮುನ್ನ ಓದಿ, ಅದು ಕೇಳಿದ ಮದ್ದು ಕಪಾಟಿಗೆ ಬಂದಮೇಲೆ ಪೀಪಾಯಿ ಹೆಬ್ಬಾಗಿಲೊಳಗೆ ಬರತಕ್ಕದ್ದು. ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ಇದನ್ನು ಖರೀದಿ ವಿಭಾಗದ ಮೊದಲ ನಿಯಮವನ್ನಾಗಿ ಮಾಡುತ್ತಿದ್ದೆ.

ಜಿಜ್ಞಾಸು: ನಮ್ಮ ಪಕ್ಕದ ಷೆಡ್ಡಿನಲ್ಲಿ ಕ್ರೋಮಿಯಂ ಲೇಪನದ ಕೆಲಸ ನಡೆಯುತ್ತದೆ. ಜಾಗ ಸಾಲದೆಂದು ಅವರ ಕ್ರೋಮಿಕ್ ಆಸಿಡ್ ಡಬ್ಬಿಗಳನ್ನು ನಮ್ಮ ಉಗ್ರಾಣದಲ್ಲಿ ಇರಿಸಲು ಕೇಳಿದ್ದಾರೆ.

ಅನುಭವಿ: ಒಪ್ಪಬೇಡಿ, ಹತ್ತನೆಯ ವಿಭಾಗವನ್ನು ಅವರ ಮುಂದೆಯೇ ತೆರೆದು ಓದಿ. ಕ್ರೋಮಿಯಂ ಟ್ರೈಆಕ್ಸೈಡ್ ತಾನು ಉರಿಯುವ ವಸ್ತುವಲ್ಲ, ಉರಿಸುವ ವಸ್ತು, ಪ್ರಬಲ ಆಕ್ಸಿಡಕಾರಿ. ಅಸಿಟೋನ್, ಆಲ್ಕೊಹಾಲುಗಳನ್ನು ಮುಟ್ಟಿದರೆ ಯಾವ ಕಿಡಿಯ ನೆರವೂ ಇಲ್ಲದೆ ಬೆಂಕಿ ಹುಟ್ಟುತ್ತದೆ. ಪತ್ರಗಳನ್ನು ಒಂದೊಂದಾಗಿ ಓದಿದವನಿಗೆ ಇದು ಹೊಳೆಯದೆ ಹೋಗಬಹುದು. ಒಂದೇ ಉಗ್ರಾಣದಲ್ಲಿರುವ ಸರಕುಗಳ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು, ಒಂದರ ಹತ್ತನೆಯ ವಿಭಾಗ ದೂರವಿಡು ಎನ್ನುವ ವಸ್ತು ಇನ್ನೊಂದರ ಮೂರನೆಯ ವಿಭಾಗದಲ್ಲಿ ಕುಳಿತಿದೆಯೇ ಎಂದು ನೋಡಬೇಕು. ಮನೆಗಳಲ್ಲಿಯೂ ಇದೇ ಕೇಡು ನಡೆಯುವುದುಂಟು. ಬ್ಲೀಚಿಂಗ್ ದ್ರಾವಣಕ್ಕೆ ಶೌಚಾಲಯದ ಆಸಿಡ್ ಸುರಿದು ಕ್ಲೋರಿನ್ ಎಬ್ಬಿಸಿಕೊಂಡವರಿದ್ದಾರೆ. ಇನ್ನು ಆ ಷೆಡ್ಡಿನ ಕೆಲಸಗಾರರ ಮಾತು ಬಂದುದರಿಂದ ಹೇಳುತ್ತೇನೆ: ತೊಟ್ಟಿಯಿಂದೇಳುವ ಕ್ರೋಮಿಕ್ ಮಂಜು ಮೂಗಿನ ನಡುಗೋಡೆಯನ್ನು ಕೊರೆದು ರಂಧ್ರ ಮಾಡುತ್ತದೆ, ಕೈಮೇಲೆ ಆಳವಾದ ಹುಣ್ಣುಗಳನ್ನು ಎಬ್ಬಿಸುತ್ತದೆ, ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂಬುದರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಸಂದೇಹವಿಲ್ಲ; ಅದನ್ನು ಮೊದಲನೆಯ ಗುಂಪಿನಲ್ಲಿಯೇ ಇರಿಸಿದೆ. ಪರಿಸರದ ಹನ್ನೆರಡನೆಯ ವಿಭಾಗವನ್ನು ನಾವು ಮಗುಚಿಹಾಕುತ್ತೇವಷ್ಟೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಆ ವಿಭಾಗವನ್ನು ಓದದ ಕೈಗಳಿಂದ.

ಜಿಜ್ಞಾಸು: ಹನ್ನೊಂದನೆಯ ವಿಭಾಗದಲ್ಲಿ ಇಲಿಗಳಿಗೆ ಕೊಟ್ಟ ಪ್ರಮಾಣಗಳಿವೆ. ಅವುಗಳ ನಡುವೆ ಹಲವು ಸಾಲುಗಳ ಮುಂದೆ ದತ್ತಾಂಶ ಲಭ್ಯವಿಲ್ಲ ಎಂದಿದೆ. ಲಭ್ಯವಿಲ್ಲವೆಂದರೆ ತೊಂದರೆ ಕಂಡುಬಂದಿಲ್ಲವೆಂದು ತಿಳಿಯಲೇ?

ಅನುಭವಿ: ಇಡೀ ಪತ್ರದಲ್ಲಿ ನನ್ನನ್ನು ಅತ್ಯಂತ ಚಿಂತೆಗೆ ಹಚ್ಚುವ ಸಾಲು ಅದು. ಪರೀಕ್ಷಿಸಿ ಕೇಡಿಲ್ಲವೆಂದು ಕಂಡದ್ದು ಬೇರೆ. ಯಾರೂ ಪರೀಕ್ಷಿಸದೆ ಇರುವುದು ಬೇರೆ. ಅಚ್ಚಿನಲ್ಲಿ ಎರಡೂ ಒಂದೇ ಬಗೆಯ ಸಣ್ಣ ಸಾಲಾಗಿ ಕಂಡರೂ, ಎರಡನೆಯದರ ಅರ್ಥ ಪರೀಕ್ಷೆ ಇನ್ನು ಮುಂದೆ ನಡೆಯಬೇಕಾಗಿದೆ ಎಂಬುದು. ಆ ವಸ್ತುವನ್ನು ಬಳಸುವವರ ಶರೀರದಲ್ಲಿಯೇ ಅದು ನಡೆಯುತ್ತಿದೆಯೆಂದರೆ ಉತ್ಪ್ರೇಕ್ಷೆಯಲ್ಲ. ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ ದೊಡ್ಡದಿದೆಯೆಂದು ಸಮಾಧಾನಪಡುವುದೂ ಹಾಗೆಯೇ ತಪ್ಪು. ಅದು ಒಮ್ಮೆಲೆ ಸಾಯುವುದರ ಲೆಕ್ಕವೇ ಹೊರತು, ಇಪ್ಪತ್ತು ವರ್ಷ ದಿನಕ್ಕಿಷ್ಟು ಉಸಿರಾಡಿದವನ ನರಗಳ, ಶ್ರವಣದ, ಮೂತ್ರಪಿಂಡಗಳ ಲೆಕ್ಕವಲ್ಲ. ಟಾಲ್ವೀನಿಗೆ ಪತ್ರ ಗರ್ಭಸ್ಥ ಶಿಶುವಿಗೆ ಹಾನಿಯ ಶಂಕೆಯುಂಟೆಂದು ಹೇಳುತ್ತದೆ. ತಮ್ಮ ವಿಭಾಗದಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೆ ಈ ಸಾಲನ್ನು ಯಾರಾದರೂ ಓದಿ ಹೇಳಿದ್ದಾರೆಯೇ?

ಜಿಜ್ಞಾಸು: ಇಲ್ಲ. ಪತ್ರವಿರುವುದು ಇಂಗ್ಲಿಷಿನಲ್ಲಿ. ನಮ್ಮಲ್ಲಿ ಕನ್ನಡದವರಿದ್ದಾರೆ, ಒಡಿಶಾದಿಂದ, ಬಿಹಾರದಿಂದ ಬಂದವರಿದ್ದಾರೆ. ಎಲ್ಲರಿಗೂ ಹದಿನಾರು ವಿಭಾಗಗಳನ್ನು ಬೋಧಿಸುವುದು ಸಾಧ್ಯವೇ?

ಅನುಭವಿ: ಹದಿನಾರನ್ನೂ ಬೋಧಿಸುವ ಅಗತ್ಯವಿಲ್ಲ. ಪತ್ರವನ್ನು ಬರೆದವನು ವಸ್ತುವನ್ನು ಬಲ್ಲನು. ತಮ್ಮ ಕೋಣೆಯ ಅಳತೆಯನ್ನಾಗಲಿ, ಕಿಟಕಿ ಯಾವ ದಿಕ್ಕಿಗಿದೆಯೆಂಬುದನ್ನಾಗಲಿ, ರಾತ್ರಿಪಾಳಿಯಲ್ಲಿ ಎಷ್ಟು ಜನರಿರುತ್ತಾರೆಂಬುದನ್ನಾಗಲಿ, ಬೇಸಗೆಯಲ್ಲಿ ಕಣ್ಣು ತೊಳೆಯುವ ನಲ್ಲಿಗೆ ನೀರು ಬರುತ್ತದೆಯೋ ಇಲ್ಲವೋ ಎಂಬುದನ್ನಾಗಲಿ ಅರಿಯನು. ಅರಿತವರು ತಾವು ಮತ್ತು ತಮ್ಮ ಕೆಲಸಗಾರರು. ಕಣ್ಣನ್ನು ಹದಿನೈದು ನಿಮಿಷ ನೀರಿನಿಂದ ತೊಳೆಯಿರಿ ಎಂಬ ಸಾಮಾನ್ಯ ವಾಕ್ಯವನ್ನು, ಪೂರ್ವದ ಬಾಗಿಲ ಬಳಿಯ ಹಸಿರು ನಲ್ಲಿಗೆ ಇವನನ್ನು ಕೈಹಿಡಿದು ಕರೆದೊಯ್ಯಿರಿ ಎಂಬ ವಿಶೇಷ ವಾಕ್ಯವನ್ನಾಗಿ ಮಾರ್ಪಡಿಸುವ ತನಕ ಅದು ಕಾಗದವೇ ಆಗಿರುತ್ತದೆ. ಒಂದೊಂದು ವಸ್ತುವಿಗೂ ಒಂದೇ ಪುಟ ಬರೆಯಿರಿ: ಇದು ಏನು ಮಾಡುತ್ತದೆ, ಏನನ್ನು ತೊಡಬೇಕು, ಚೆಲ್ಲಿದರೆ ಯಾರನ್ನು ಕೂಗಬೇಕು, ಯಾವುದರ ಹತ್ತಿರ ಇಡಬಾರದು. ಅದನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಒಡಿಯಾದಲ್ಲಿಯೂ ಅವರವರಿಂದಲೇ ಹೇಳಿಸಿ ಬರೆಯಿಸಿ. ಓದಲು ಬಾರದವನಿಗೆ ಚಿತ್ರವನ್ನು ತೋರಿಸಿ ವಿವರಿಸಿ, ಅವನ ಬಾಯಿಂದ ಮರಳಿ ಕೇಳಿ. ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರಿಗೂ ಸಮಾನ ಸ್ಥಾನವಿರಬೇಕೆಂದು 1987ರ ತಿದ್ದುಪಡಿಯ 41-ಜಿ ಪ್ರಕರಣ ಹೇಳಿತು. ಸನ್ನಿಹಿತ ಅಪಾಯದ ಶಂಕೆ ಬಂದರೆ ಎಚ್ಚರಿಸುವುದು ಅವರ ಹಕ್ಕೆಂದು 41-ಎಚ್ ಸಾರಿತು. ಪತ್ರವನ್ನು ಓದದವನು ಶಂಕಿಸುವುದು ಹೇಗೆ? ಆದ್ದರಿಂದಲೇ ಇದು ದಯೆಯಿಂದ ಕೊಡುವ ತಿಳಿವಳಿಕೆಯಲ್ಲ, ಅವರಿಗೆ ಸಲ್ಲತಕ್ಕ ಸ್ವತ್ತು ಎನ್ನುತ್ತೇನೆ.

ಜಿಜ್ಞಾಸು: ಯಜಮಾನರು ಇದಕ್ಕೆ ವೇಳೆ ಕೊಡುವರೋ ಇಲ್ಲವೋ.

ಅನುಭವಿ: ಕೇಳಿ, ಬರಹದಲ್ಲಿ ಕೇಳಿ. ಕೊಡದಿದ್ದರೆ ಊಟದ ಬಿಡುವಿನಲ್ಲಿ ಒಂದು ವಸ್ತುವಿನಿಂದ ಪ್ರಾರಂಭಿಸಿ. ಅತ್ಯಂತ ಹೆಚ್ಚು ಜನರು ಮುಟ್ಟುವ ವಸ್ತುವೇ ಮೊದಲಾಗಲಿ.

ಜಿಜ್ಞಾಸು: ಕೊನೆಯದಾಗಿ ಒಂದು ಪ್ರಶ್ನೆ. ಖಾಲಿಯಾದ ಪೀಪಾಯಿಗಳನ್ನು ಗುಜರಿಯವನಿಗೆ ಮಾರುತ್ತೇವೆ. ನಮ್ಮ ಕೆಲಸಗಾರರೇ ಕೆಲವರು ನೀರು ತುಂಬುವುದಕ್ಕೆ ಮನೆಗೆ ಒಯ್ಯುತ್ತಾರೆ. ಹದಿಮೂರನೆಯ ವಿಭಾಗ ಇದನ್ನು ಕುರಿತು ಏನೋ ಹೇಳುತ್ತದೆ, ಅಷ್ಟು ಮುಖ್ಯವೇ?

ಅನುಭವಿ: ತುಂಬಿದ ಪೀಪಾಯಿಗಿಂತ ಬರಿದಾದ ಪೀಪಾಯಿ ಹೆಚ್ಚು ಭಯಂಕರ. ತುಂಬಿದುದರಲ್ಲಿ ದ್ರವವಿರುತ್ತದೆ, ಗಾಳಿಗೆ ಎಡೆ ಕಡಮೆ. ಬರಿದಾದುದರ ತಳದಲ್ಲಿ ಉಳಿದ ಒಂದು ಲೋಟ ಥಿನ್ನರ್ ಇನ್ನೂರು ಲೀಟರಿನ ಒಡಲನ್ನೆಲ್ಲ ಬಾಷ್ಪ ಮತ್ತು ಗಾಳಿಯ ಸ್ಫೋಟಕ ಮಿಶ್ರಣದಿಂದ ತುಂಬಬಲ್ಲುದು. ಗುಜರಿಯವನು ಅದನ್ನು ಗ್ಯಾಸ್ ಕಟರಿನಿಂದ ಸೀಳಲು ಹೊರಟಾಗ ಏನಾಗುತ್ತದೆಂಬುದನ್ನು ಊಹಿಸಿಕೊಳ್ಳಿ. ಅವನ ಕೈಗೆ ತಾವು ಪೀಪಾಯಿಯನ್ನು ಕೊಟ್ಟಿರಿ, ಪತ್ರವನ್ನು ಕೊಡಲಿಲ್ಲ. ಮಕ್ಕಳು ಕುಡಿಯುವ ನೀರಿಗೆ ಒಯ್ದುದರ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಅಪಾಯಕಾರಿ ವಸ್ತುಗಳಿಂದ ಕಲುಷಿತವಾದ ಖಾಲಿ ಪೀಪಾಯಿಗಳನ್ನು 2016ರ ನಿಯಮಾವಳಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಯೇ ಸೇರಿಸಿದೆ. ಅವು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಮಾತ್ರ, ಲೆಕ್ಕವಿಟ್ಟು, ಹೋಗತಕ್ಕದ್ದು. ಮನೆಗೆ ಒಯ್ದವರ ಹೆಸರುಗಳು ತಮಗೆ ತಿಳಿದಿವೆಯೇ?

ಜಿಜ್ಞಾಸು: ಮೂರು ನಾಲ್ಕು ಮಂದಿಯ ಹೆಸರು ತಿಳಿದಿದೆ.

ಅನುಭವಿ: ಹಾಗಾದರೆ ಉಳಿದ ವಿಭಾಗಗಳನ್ನು ನಾಳೆ ಓದೋಣ. ಇಂದು ಸಂಜೆಯೊಳಗೆ ಅವರ ಮನೆಗಳಿಗೆ ಹೋಗಿ, ಆ ಪೀಪಾಯಿಗಳಿಗೆ ಬದಲಾಗಿ ಒಳ್ಳೆಯ ನೀರಿನ ಡ್ರಮ್ಮುಗಳನ್ನು ಕೊಟ್ಟು, ಅವನ್ನು ಹಿಂದಕ್ಕೆ ತನ್ನಿ.